ದೂರದ ದ್ವೀಪಗಳಲ್ಲಿ ಸುನಾಮಿಯ ಹೆಜ್ಜೆಗುರುತು

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಕನ್ನಂಬಾಡಿಯ ಕಟ್ಟೆಯಲ್ಲಿ ಕೊಂಚ ಕಾಲ ತಂಗಿ, ಮೈಸೂರು ಮಂಡ್ಯಗಳ ಗದ್ದೆಗಳಿಗೆ ನೀರುಣಿಸಿ ಸಾಗುವ ಕಾವೇರಿಯು ಕೊನೆಗೆ ತಮಿಳುನಾಡಿನ ಪೂಂಪುಹಾರಿನ ಬಳಿ ಸಮುದ್ರವನ್ನು ಸೇರುತ್ತದೆ. ಪ್ರಾಚೀನ ಕಾಲದಲ್ಲಿ ಅಲ್ಲಿ ಕಾವೇರಿಪಟ್ಟಣವೆಂಬ ಹೆಸರುವಾಸಿಯಾದ ರೇವುಪಟ್ಟಣವಿತ್ತು. ಆ ಪಟ್ಟಣವನ್ನು ಕಡಲು ನುಂಗಿತೆಂದು ‘ಮಣಿಮೇಖಲೆ’ ಎಂಬ ಹಳೆಯ ತಮಿಳು ಕಾವ್ಯವು ಹೇಳುತ್ತದೆ. ಕಾವ್ಯದ ಮಾತು ಎಷ್ಟರ ಮಟ್ಟಿಗೆ ನಿಜ? ಕಣ್ಣಾರೆ ಕಂಡವರು ಯಾರೂ ಉಳಿದಿಲ್ಲ. ಆದರೆ ಕಡಲು ನೆಲದ ಮೇಲೇರಿ ಬಂದಿದ್ದರೆ ಅದು ತನ್ನೊಡನೆ ಏನನ್ನಾದರೂ ತಂದಿರಬೇಕು. ತಂದದ್ದರಲ್ಲಿ ಸ್ವಲ್ಪವನ್ನಾದರೂ ಬಿಟ್ಟು ಹೋಗಿರಬೇಕು. ಹಾಗೆ ಬಿಟ್ಟುಹೋದ ವಸ್ತುವನ್ನು ಹುಡುಕಿ, ಪರೀಕ್ಷಿಸಿ, ಅದರ ವಯಸ್ಸನ್ನು ಗೊತ್ತುಮಾಡುವ ಒಂದು ಶಾಸ್ತ್ರವೇ ಈಗ ಬೆಳೆದಿದೆ. ಅದರ ಪರಿಚಯವೇ ಈ ಲೇಖನದ ಉದ್ದೇಶ.

ಈ ಶಾಸ್ತ್ರದ ಅಗತ್ಯವೇನೆಂಬುದನ್ನು ೨೦೦೪ನೆಯ ಇಸವಿಯ ಡಿಸೆಂಬರ್ ೨೬ರ ಬೆಳಗ್ಗೆ ಜಗತ್ತು ಬಹು ದುಬಾರಿಯಾದ ಬೆಲೆ ಕೊಟ್ಟು ಕಲಿತುಕೊಂಡಿತು. ಅಂದು ಭಾರತೀಯ ಕಾಲಮಾನ ೬ ಗಂಟೆ ೨೮ ನಿಮಿಷಕ್ಕೆ ಸುಮಾತ್ರದ ಬಳಿ ಆರಂಭವಾದ ಭೂಕಂಪವು ಉತ್ತರದ ಅಂಡಮಾನಿನವರೆಗೆ, ಸುಮಾರು ೧,೩೦೦ ಕಿಲೋಮೀಟರು ಉದ್ದಕ್ಕೆ ಸಮುದ್ರತಳವನ್ನು ಸೀಳಿತು. ಅದರ ಪರಿಮಾಣ ೯.೧. ಅದರಿಂದ ಎದ್ದ ಸುನಾಮಿಗೆ ಹಿಂದೂ ಮಹಾಸಾಗರದ ಸುತ್ತಲ ದೇಶಗಳಲ್ಲಿ ಸುಮಾರು ೨,೩೦,೦೦೦ ಜನ ಬಲಿಯಾದರು. ನಾಗಪಟ್ಟಣಂ ಜಿಲ್ಲೆಯೊಂದರಲ್ಲಿಯೇ ಆರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು.

ಅಷ್ಟು ದೊಡ್ಡ ಭೂಕಂಪವನ್ನು ಆ ಭಾಗದಲ್ಲಿ ಬಹುಮಂದಿ ವಿಜ್ಞಾನಿಗಳು ನಿರೀಕ್ಷಿಸಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಬರೆದಿಟ್ಟ ದಾಖಲೆಗಳನ್ನು ನೋಡಿದರೆ, ೧೮೮೧ರ ಡಿಸೆಂಬರ್ ೩೧ರಂದು ಕಾರ್ ನಿಕೋಬಾರಿನ ಬಳಿ ಸುಮಾರು ೭.೯ರ ಭೂಕಂಪವಾಗಿತ್ತು, ೧೯೪೧ರ ಜೂನ್ ೨೬ರಂದು ಅಂಡಮಾನಿನಲ್ಲಿ ಸುಮಾರು ೭.೭ರದು. ೧೮೮೧ರ ಕಂಪದಿಂದ ಹುಟ್ಟಿದ ಅಲೆಗಳು ಬಂಗಾಳ ಕೊಲ್ಲಿಯ ಸುತ್ತಲ ರೇವುಗಳ ಉಬ್ಬರವಿಳಿತ ಮಾಪಕಗಳಲ್ಲಿ ದಾಖಲಾದವು. ಅವುಗಳ ಎತ್ತರ ಒಂದು ಮೀಟರನ್ನೂ ಮುಟ್ಟಲಿಲ್ಲ. ಈ ದಾಖಲೆಗಳಷ್ಟನ್ನೇ ನಂಬಿದವರಿಗೆ ಬಂಗಾಳ ಕೊಲ್ಲಿಯು ಸುನಾಮಿಯ ವಿಷಯದಲ್ಲಿ ಸಾಧುವಾದ ಕಡಲೆಂದೇ ತೋರುತ್ತಿತ್ತು. ತಪ್ಪು ದಾಖಲೆಗಳದಲ್ಲ, ಅವು ವ್ಯಾಪಿಸಿದ ಕಾಲದ್ದು. ಐನೂರು ವರ್ಷಗಳಿಗೊಮ್ಮೆ ಸಂಭವಿಸುವ ಘಟನೆಯನ್ನು ನೂರೈವತ್ತು ವರ್ಷಗಳ ಕಡತದಲ್ಲಿ ಹುಡುಕಿದರೆ ಅದು ಸಿಗುವುದೆಂಬ ಭರವಸೆಯಿಲ್ಲ. ಹೀಗಾಗಿ ಕಾಗದದ ದಾಖಲೆ ಮುಗಿದ ಕಡೆಯಿಂದ ಮಣ್ಣಿನ ದಾಖಲೆಯನ್ನು ಓದಲು ತೊಡಗಬೇಕಾಯಿತು.

ಸುನಾಮಿಯ ಗುಣ

ಮೊದಲು ಸುನಾಮಿಯು ಸಾಮಾನ್ಯ ತೆರೆಗಿಂತ ಹೇಗೆ ಬೇರೆ ಎಂಬುದನ್ನು ಅರಿಯುವುದು ಅವಶ್ಯಕ. ಗಾಳಿಯಿಂದ ಏಳುವ ತೆರೆಯು ನೀರಿನ ಮೇಲ್ಭಾಗವನ್ನು ಮಾತ್ರ ಅಲುಗಿಸುತ್ತದೆ. ಸಮುದ್ರತಳವೇ ಥಟ್ಟನೆ ಮೇಲೆದ್ದಾಗ ಅಥವಾ ಕುಸಿದಾಗ, ತಳದಿಂದ ಮೇಲ್ಮೈವರೆಗಿನ ನೀರಿನ ಸಮಸ್ತ ಸ್ತಂಭವೂ ಒಂದಾಗಿ ಕದಲುತ್ತದೆ. ಅದೇ ಸುನಾಮಿ. ಅದರ ವೇಗವು ಕಡಲಿನ ಆಳವನ್ನು ಮಾತ್ರ ಅವಲಂಬಿಸಿದೆ: ಗುರುತ್ವ ವೇಗೋತ್ಕರ್ಷವನ್ನು ಆಳದಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ ವೇಗವು ದೊರೆಯುತ್ತದೆ. ಆಳ ೪,೦೦೦ ಮೀಟರು ಇರುವಲ್ಲಿ ೯.೮ × ೪,೦೦೦ = ೩೯,೨೦೦; ಇದರ ವರ್ಗಮೂಲ ಸುಮಾರು ೧೯೮. ಅಂದರೆ ಸೆಕೆಂಡಿಗೆ ೧೯೮ ಮೀಟರು, ಗಂಟೆಗೆ ೭೧೦ ಕಿಲೋಮೀಟರಿಗೂ ಮಿಕ್ಕ ವೇಗ. ದಡದ ಬಳಿ ಆಳವು ೧೦ ಮೀಟರಿಗೆ ಇಳಿದಾಗ ವೇಗವೂ ಗಂಟೆಗೆ ಸುಮಾರು ೩೬ ಕಿಲೋಮೀಟರಿಗೆ ಇಳಿಯುತ್ತದೆ.

ವೇಗ ತಗ್ಗಿದರೂ ಅಲೆಯು ಹೊತ್ತು ತಂದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ. ಹಿಂದಿನ ನೀರು ಮುಂದಿನ ನೀರನ್ನು ಹಿಂದಟ್ಟಿ ಬರುವುದರಿಂದ ಅಲೆಯು ಎತ್ತರವಾಗುತ್ತದೆ. ಅಲೆಯ ಎತ್ತರವು ಆಳದ ನಾಲ್ಕನೆಯ ಮೂಲಕ್ಕೆ ವಿಲೋಮವಾಗಿರುತ್ತದೆಂದು ಗಣಿತದಿಂದ ತೋರಿಸಬಹುದು. ೪,೦೦೦ ಮೀಟರಿನಿಂದ ೧೦ ಮೀಟರಿಗೆ ಬಂದಾಗ ಆಳವು ೪೦೦ ಪಟ್ಟು ಕಡಿಮೆಯಾಯಿತು. ೪೦೦ರ ನಾಲ್ಕನೆಯ ಮೂಲ ಸುಮಾರು ನಾಲ್ಕೂವರೆ. ೨೦೦೪ರಲ್ಲಿ ಜೇಸನ್-೧ ಎಂಬ ಉಪಗ್ರಹವು ನಡುಗಡಲಿನಲ್ಲಿ ಅಲೆಯ ಎತ್ತರವನ್ನು ಸುಮಾರು ೬೦ ಸೆಂಟಿಮೀಟರು ಎಂದು ಅಳೆಯಿತು. ಆ ಅಲೆ ದಡದ ಸಮೀಪಕ್ಕೆ ಬರುವಾಗ ಎರಡೂಮುಕ್ಕಾಲು ಮೀಟರು ಆಗುತ್ತದೆ. ಕೊಲ್ಲಿಯ ಆಕಾರ, ದಡದ ಇಳಿಜಾರು ಮೊದಲಾದುವು ಅದನ್ನು ಇನ್ನೂ ಹೆಚ್ಚಿಸಬಹುದು.

ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು ಆವರ್ತಕಾಲ. ಗಾಳಿಯ ತೆರೆಗಳು ಹತ್ತು ಸೆಕೆಂಡಿಗೊಂದರಂತೆ ದಡಕ್ಕೆ ಬಡಿಯುತ್ತವೆ. ಸುನಾಮಿಯ ಒಂದು ಅಲೆಗೂ ಮತ್ತೊಂದು ಅಲೆಗೂ ನಡುವೆ ಅರ್ಧ ಗಂಟೆಯಷ್ಟು ಅಂತರವಿರಬಹುದು. ಸೆಕೆಂಡಿಗೆ ೧೯೮ ಮೀಟರು ವೇಗದಲ್ಲಿ ಅರ್ಧ ಗಂಟೆ ಚಲಿಸಿದರೆ ೩೫೦ ಕಿಲೋಮೀಟರಿಗೂ ಹೆಚ್ಚಾಯಿತು. ನಡುಗಡಲಿನಲ್ಲಿ ಅಂಥ ಒಂದೇ ಅಲೆಯ ಉದ್ದವು, ಮೈಸೂರಿನಿಂದ ಬೆಂಗಳೂರಿಗೆ ಹೋಗಿ ಮರಳಿ ಬರುವ ದಾರಿಗಿಂತ ಹೆಚ್ಚಿನದು. ಹತ್ತು ಸೆಕೆಂಡಿನ ತೆರೆಯು ಐದು ಸೆಕೆಂಡು ಮುಂದಕ್ಕೆ ತಳ್ಳಿ ಐದು ಸೆಕೆಂಡು ಹಿಂದಕ್ಕೆ ಸೆಳೆಯುತ್ತದೆ. ಸುನಾಮಿಯಾದರೋ ಹತ್ತು ನಿಮಿಷ ಎಡೆಬಿಡದೆ ಒಳನಾಡಿನ ಕಡೆಗೆ ಹರಿಯುತ್ತದೆ. ಎರಡರಲ್ಲಿಯೂ ನೀರಿನ ಹರಿವು ಸೆಕೆಂಡಿಗೆ ೫ ಮೀಟರು ಎಂದಿಟ್ಟುಕೊಂಡರೆ, ಮೊದಲನೆಯದು ಮರಳಿನ ಕಣವನ್ನು ೨೫ ಮೀಟರು ಒಯ್ದು ಹಿಂದಕ್ಕೆ ತರುತ್ತದೆ. ಎರಡನೆಯದು ಮೂರು ಕಿಲೋಮೀಟರು ಒಯ್ಯಬಲ್ಲುದು. ನೆಲದ ಘರ್ಷಣೆಯಿಂದ ನಿಜವಾದ ದೂರ ಕಡಿಮೆಯಾಗುವುದಾದರೂ, ಇವೆರಡರ ಅಂತರ ಎಂಥದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದ್ವೀಪಗಳನ್ನೇ ಏಕೆ ಹುಡುಕಬೇಕು?

ಮುಖ್ಯ ಭೂಭಾಗದ ಕರಾವಳಿಯಲ್ಲಿ ನದಿಗಳು ಪ್ರತಿವರ್ಷವೂ ಮರಳನ್ನು ತಂದು ಸುರಿಯುತ್ತವೆ. ಜನರು ಉಳುತ್ತಾರೆ, ಅಗೆಯುತ್ತಾರೆ, ಮನೆ ಕಟ್ಟುತ್ತಾರೆ. ಅಂಥಲ್ಲಿ ಹಳೆಯ ಪದರಗಳು ಕಲಸಿಹೋಗುತ್ತವೆ. ದೂರದ ಸಣ್ಣ ದ್ವೀಪಗಳಲ್ಲಿ ದೊಡ್ಡ ನದಿಗಳಿಲ್ಲ, ಜನಸಂಖ್ಯೆ ವಿರಳ. ಅಲ್ಲಿನ ತಗ್ಗಿನ ಜೌಗು ನೆಲದಲ್ಲಿ ಎಲೆ, ತೊಗಟೆ, ಬೇರುಗಳು ಕೊಳೆತು ವರ್ಷವರ್ಷಕ್ಕೂ ಕಪ್ಪು ಮಣ್ಣು ಶೇಖರವಾಗುತ್ತ ಹೋಗುತ್ತದೆ. ಆ ಕಪ್ಪು ಮಣ್ಣಿನ ನಡುವೆ ಬಿಳಿಯ ಕಡಲ ಮರಳಿನ ಹಾಳೆಯೊಂದು ಕಂಡರೆ, ಅದು ಅಲ್ಲಿಗೆ ತಾನಾಗಿ ಬಂದದ್ದಲ್ಲವೆಂಬುದು ನಿಶ್ಚಯ. ಇದಲ್ಲದೆ ಅಂಡಮಾನ್ ನಿಕೋಬಾರ್‌ಗಳಂಥ ದ್ವೀಪಗಳು ಭೂಕಂಪದ ಮೂಲದ ಮೇಲೆಯೇ ಕುಳಿತಿವೆ. ಅಲೆಯ ಗುರುತಿನೊಡನೆ ನೆಲವೇ ಏರಿದ, ಇಳಿದ ಗುರುತು ಕೂಡ ಅಲ್ಲಿ ಸಿಗುತ್ತದೆ.

ತೊಡಕುಗಳಿಲ್ಲವೆಂದಲ್ಲ. ಏಡಿಗಳು ಬಿಲ ತೋಡಿ ಪದರಗಳನ್ನು ಕಲಕುತ್ತವೆ; ಮರದ ಬೇರುಗಳು ಅವುಗಳನ್ನು ಭೇದಿಸುತ್ತವೆ; ಭಾರಿ ಮಳೆಯು ತೆಳುವಾದ ಮರಳನ್ನು ತೊಳೆದುಬಿಡುತ್ತದೆ. ಆದಕಾರಣ ಒಂದು ಗುಂಡಿಯಲ್ಲಿ ಕಂಡ ಮರಳಿನಿಂದ ತೀರ್ಮಾನಕ್ಕೆ ಬರುವಂತಿಲ್ಲ. ದಡದಿಂದ ಒಳಕ್ಕೆ ಸಾಲಾಗಿ ಅನೇಕ ಗುಂಡಿಗಳನ್ನು ತೋಡಿ, ಅದೇ ಪದರವು ಎಲ್ಲದರಲ್ಲಿಯೂ ಮುಂದುವರಿಯುತ್ತದೆಯೇ, ಒಳಕ್ಕೆ ಹೋದಂತೆಲ್ಲ ತೆಳುವಾಗುತ್ತದೆಯೇ ಎಂದು ನೋಡಬೇಕು.

ಮರಳು ಹೇಳುವ ಸಾಕ್ಷ್ಯ

ಈಗ ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳುತ್ತೇನೆ. ಉದ್ದನೆಯ ಗಾಜಿನ ಜಾಡಿಯೊಂದರಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ಅದಕ್ಕೆ ಎರಡು ಹಿಡಿ ಹೊಳೆಯ ಮರಳನ್ನೂ ಒಂದು ಹಿಡಿ ಕೆರೆಯ ಗೋಡುಮಣ್ಣನ್ನೂ ಹಾಕಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ಮೇಜಿನ ಮೇಲಿಡಿ. ದಪ್ಪ ಮರಳು ಕೆಲವೇ ಸೆಕೆಂಡುಗಳಲ್ಲಿ ತಳವನ್ನು ಸೇರುತ್ತದೆ. ಅದರ ಮೇಲೆ ಸಣ್ಣ ಮರಳು. ಮಣ್ಣಿನ ರಾಡಿ ಮಾತ್ರ ಗಂಟೆಗಳು ಕಳೆದರೂ ನೀರಿನಲ್ಲಿಯೇ ತೇಲುತ್ತಿರುತ್ತದೆ.

ಇದಕ್ಕೆ ಕಾರಣವನ್ನು ಸ್ಟೋಕ್ಸ್ ಎಂಬ ವಿಜ್ಞಾನಿಯ ನಿಯಮವು ವಿವರಿಸುತ್ತದೆ. ಸಣ್ಣ ಕಣವು ನಿಂತ ನೀರಿನಲ್ಲಿ ಬೀಳುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ೦.೧ ಮಿಲಿಮೀಟರು ವ್ಯಾಸದ ಮರಳಿನ ಕಣವು ಸೆಕೆಂಡಿಗೆ ಸುಮಾರು ೦.೯ ಸೆಂಟಿಮೀಟರು ಬೀಳುತ್ತದೆ. ೨ ಮೀಟರು ನೀರನ್ನು ದಾಟಲು ಅದಕ್ಕೆ ನಾಲ್ಕು ನಿಮಿಷಕ್ಕಿಂತ ಕಡಿಮೆ ಸಾಕು. ವ್ಯಾಸವು ೦.೦೧ ಮಿಲಿಮೀಟರಾದರೆ ವೇಗವು ನೂರರಲ್ಲಿ ಒಂದು ಪಾಲಾಗುತ್ತದೆ. ಅದೇ ೨ ಮೀಟರನ್ನು ದಾಟಲು ಆರು ಗಂಟೆಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಸುನಾಮಿಯ ನೀರು ಒಳನಾಡಿಗೆ ನುಗ್ಗಿ, ಹಿಂದಿರುಗುವ ಮುನ್ನ ಕೆಲವು ನಿಮಿಷಗಳ ಕಾಲ ಬಹುಮಟ್ಟಿಗೆ ನಿಶ್ಚಲವಾಗಿ ನಿಲ್ಲುತ್ತದೆ. ಅಷ್ಟು ಹೊತ್ತಿನಲ್ಲಿ ದಪ್ಪ ಮರಳು ಕೆಳಗೂ ಸಣ್ಣ ಮರಳು ಮೇಲೂ ಕುಳಿತುಕೊಳ್ಳುತ್ತವೆ. ಅತಿ ನುಣುಪಾದ ಮಣ್ಣಿನ ಬಹುಪಾಲು ನೀರಿನೊಡನೆಯೇ ಹಿಂದಕ್ಕೆ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಕಣಗಳು ಕ್ರಮವಾಗಿ ಸಣ್ಣದಾಗುವ ಇಂಥ ಪದರಗಳು ಒಂದರ ಮೇಲೊಂದು ಎರಡು ಮೂರು ಇದ್ದರೆ, ಎರಡು ಮೂರು ಅಲೆಗಳು ಬಂದುವೆಂದು ಊಹಿಸಬಹುದು.

ಮರಳಿನೊಳಗೆ ಇನ್ನೂ ಎರಡು ಬಗೆಯ ಸಾಕ್ಷಿಗಳಿವೆ. ಫೊರಾಮಿನಿಫೆರ, ಡಯಾಟಮ್ ಎಂಬ ಸೂಕ್ಷ್ಮಜೀವಿಗಳ ಚಿಪ್ಪುಗಳು ಮೊದಲನೆಯವು. ಆಳದ ನೀರಿನಲ್ಲಿ ವಾಸಿಸುವ ಜಾತಿಗಳ ಚಿಪ್ಪು ಸಿಹಿನೀರಿನ ಜೌಗಿನಲ್ಲಿ ಸಿಕ್ಕರೆ, ಅಲೆಯು ಎಷ್ಟು ಆಳದಿಂದ ಮರಳನ್ನು ಎತ್ತಿತೆಂಬುದೂ ತಿಳಿಯುತ್ತದೆ. ಎರಡನೆಯದು, ಮರಳಿನಲ್ಲಿ ಸಿಕ್ಕಿಕೊಂಡಿರುವ ಮಣ್ಣಿನ ಹೆಂಟೆಗಳು. ನುಗ್ಗುವ ನೀರು ದಾರಿಯಲ್ಲಿದ್ದ ನೆಲವನ್ನೇ ಕಿತ್ತು ಮರಳಿನೊಡನೆ ಬೆರೆಸಿ ತಂದುದಕ್ಕೆ ಅವು ಗುರುತು.

ಬಿರುಗಾಳಿಯೋ, ಸುನಾಮಿಯೋ?

ಜಾಣ ವಿದ್ಯಾರ್ಥಿಯು ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತಬಹುದು: ಚಂಡಮಾರುತವೂ ಕಡಲನ್ನು ನೆಲದ ಮೇಲೇರಿಸುತ್ತದಲ್ಲವೆ? ಅದೂ ಮರಳನ್ನು ತರುತ್ತದಲ್ಲವೆ? ಈ ಆಕ್ಷೇಪಣೆ ನ್ಯಾಯವಾದುದು. ಈ ಶಾಸ್ತ್ರದ ಅತ್ಯಂತ ಕಠಿಣವಾದ ಪ್ರಶ್ನೆಯೂ ಇದೇ. ಚಂಡಮಾರುತದಲ್ಲಿ ಸಾವಿರಾರು ತೆರೆಗಳು ಗಂಟೆಗಟ್ಟಲೆ ಬಡಿಯುವುದರಿಂದ ತೆಳುವಾದ ಅನೇಕ ಪದರಗಳು ಒತ್ತೊತ್ತಾಗಿ ಕೂಡುತ್ತವೆ. ಮರಳು ಸಾಮಾನ್ಯವಾಗಿ ದಡದ ಸಮೀಪದಲ್ಲಿಯೇ ದಿಬ್ಬವಾಗಿ ನಿಲ್ಲುತ್ತದೆ. ಸುನಾಮಿಯ ಮರಳು ಹಾಳೆಯಂತೆ ಹರಡಿ ಬಹುದೂರ ಒಳಕ್ಕೆ ಹೋಗುತ್ತದೆ; ಅದರಲ್ಲಿ ಪದರಗಳು ಕೆಲವೇ. ಆದರೂ ಇವುಗಳಲ್ಲಿ ಯಾವ ಒಂದು ಲಕ್ಷಣವೂ ತಾನೊಂದೇ ನಿರ್ಣಾಯಕವಲ್ಲ. ನ್ಯಾಯಾಲಯದಲ್ಲಿ ಪ್ರತ್ಯಕ್ಷ ಸಾಕ್ಷಿಯಿಲ್ಲದಾಗ ಸಾಂದರ್ಭಿಕ ಸಾಕ್ಷ್ಯಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವಂತೆ, ಇಲ್ಲಿಯೂ ಹಲವು ಲಕ್ಷಣಗಳು ಒಂದೇ ಕಡೆಗೆ ಬೆರಳು ತೋರಬೇಕು. ಈ ವಿಷಯದಲ್ಲಿ ೨೦೦೪ರ ಸುನಾಮಿಯೇ ವಿಜ್ಞಾನಿಗಳಿಗೆ ಒಂದು ಅಳತೆಗೋಲನ್ನು ಕೊಟ್ಟಿತು. ಅದು ಬಿಟ್ಟುಹೋದ ಮರಳು ಹೇಗಿದೆಯೆಂಬುದು ಕಣ್ಣೆದುರಿಗಿರುವುದರಿಂದ, ಅದರ ಕೆಳಗಿನ ಹಳೆಯ ಮರಳನ್ನು ಅದರೊಡನೆ ಹೋಲಿಸಿ ನೋಡಬಹುದಾಯಿತು.

ಕೆಲವೆಡೆ ಸಾಕ್ಷಿಯು ಮರಳಲ್ಲ, ಬಂಡೆ. ಅಟ್ಲಾಂಟಿಕ್ ಸಾಗರದ ಕೇಪ್ ವರ್ಡ್ ದ್ವೀಪಸ್ತೋಮದಲ್ಲಿ ಸಾಂಟಿಯಾಗೊ ಎಂಬ ದ್ವೀಪವಿದೆ. ಅಲ್ಲಿ ಕಡಲಿನಿಂದ ಸುಮಾರು ೨೦೦ ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲೆ ನೂರಾರು ಟನ್ ತೂಗುವ ಬಂಡೆಗಳು ಬಿದ್ದಿವೆ. ಅವುಗಳ ಕಲ್ಲು ಕೆಳಗಿನ ಕಡಲಂಚಿನ ಪ್ರಪಾತದ ಕಲ್ಲಿನ ಜಾತಿಗೆ ಸೇರಿದ್ದು, ಅವು ಕುಳಿತ ನೆಲದ ಜಾತಿಗಲ್ಲ. ಮೇಲಿನಿಂದ ಉರುಳಿ ಬಂದಿರಲಾರವು; ಕೆಳಗಿನಿಂದಲೇ ಮೇಲಕ್ಕೆ ಹೋಗಿರಬೇಕು. ಸುಮಾರು ೭೩,೦೦೦ ವರ್ಷಗಳ ಹಿಂದೆ ನೆರೆಯ ಫೋಗೊ ಜ್ವಾಲಾಮುಖಿಯ ಒಂದು ಪಾರ್ಶ್ವವು ಕಡಲಿಗೆ ಕುಸಿದಾಗ ಎದ್ದ ಸುನಾಮಿಯು ಅವುಗಳನ್ನು ಹೊತ್ತು ತಂದಿತೆಂದು ೨೦೧೫ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಏರಿದ ನೆಲ, ಇಳಿದ ನೆಲ

ಅಂಡಮಾನ್ ನಿಕೋಬಾರಿನಲ್ಲಿ ಭಾರತದ ಭೂಫಲಕವು ಬರ್ಮಾ ಫಲಕದ ಅಡಿಗೆ ನುಸುಳುತ್ತಿದೆ. ಎರಡರ ಅಂಚುಗಳು ಕಚ್ಚಿಕೊಂಡಿರುವಷ್ಟು ಕಾಲ ಮೇಲಿನ ಫಲಕದ ಅಂಚು ಕೆಳಕ್ಕೆ ಎಳೆಯಲ್ಪಟ್ಟು, ಅದರ ಹಿಂಭಾಗವು ಉಬ್ಬುತ್ತದೆ. ಕಚ್ಚು ಬಿಟ್ಟಾಗ, ಬಗ್ಗಿಸಿ ಹಿಡಿದ ಅಡಿಕೋಲನ್ನು ಕೈಬಿಟ್ಟಂತೆ, ಅಂಚು ಮೇಲಕ್ಕೆ ಚಿಮ್ಮುತ್ತದೆ, ಹಿಂಭಾಗ ಕುಸಿಯುತ್ತದೆ. ೨೦೦೪ರಲ್ಲಿ ನಡೆದದ್ದು ಇದೇ. ಅಂಡಮಾನಿನ ಪಶ್ಚಿಮದ ಇಂಟರ್‌ವ್ಯೂ ದ್ವೀಪದ ಬಳಿ ನೆಲವು ಮೇಲೆದ್ದು ಹವಳದ ದಿಬ್ಬಗಳು ನೀರಿನಿಂದ ಹೊರಬಂದು ಸತ್ತುವು. ಈಗ ಶ್ರೀ ವಿಜಯಪುರಂ ಎಂದು ಹೆಸರು ಪಡೆದಿರುವ ಪೋರ್ಟ್ ಬ್ಲೇರಿನಲ್ಲಿ ನೆಲವು ಸುಮಾರು ಒಂದು ಮೀಟರು ಇಳಿಯಿತು. ದೇಶದ ದಕ್ಷಿಣದ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು, ಅಲ್ಲಿನ ದೀಪಸ್ತಂಭದ ಬುಡವನ್ನು ಕಡಲು ಸುತ್ತುವರಿಯಿತು.

ಇಂಥ ಏರಿಳಿತಗಳನ್ನು ಗಿಡಗಳೂ ಹವಳಗಳೂ ಬರೆದಿಡುತ್ತವೆ. ನಮ್ಮ ಕರಾವಳಿಯವರು ಕಾಂಡ್ಲ ಎಂದು ಕರೆಯುವ ಗಿಡವು ಉಬ್ಬರ ಇಳಿತಗಳ ನಡುವಣ ಮಟ್ಟದಲ್ಲಿ ಮಾತ್ರ ಬೆಳೆಯುತ್ತದೆ. ನೆಲ ಹಠಾತ್ತನೆ ಕುಸಿದರೆ ಅದು ಮುಳುಗಿ ಸಾಯುತ್ತದೆ. ನಿಂತಲ್ಲಿಯೇ ಅದರ ಬೇರುಗಳ ಮೇಲೆ ಕೆಸರು ತುಂಬುತ್ತದೆ. ಬೇರು ಬೆಳೆದ ಭಂಗಿಯಲ್ಲಿಯೇ ಹೂತುಹೋಗಿದ್ದರೆ, ಅದು ಬೇರೆ ಕಡೆಯಿಂದ ತೇಲಿ ಬಂದುದಲ್ಲವೆಂದು ತಿಳಿಯಬಹುದು. ಹವಳದ ಕಥೆ ಇನ್ನೂ ಸೂಕ್ಷ್ಮವಾದುದು. ಕೆಲವು ಹವಳಗಳು ಅತ್ಯಂತ ಕಡಿಮೆ ಇಳಿತದ ಮಟ್ಟದವರೆಗೆ ಬೆಳೆದು, ಅದರ ಮೇಲೆ ಬೆಳೆಯಲಾರದೆ ಮಗ್ಗುಲಿಗೆ ಹರಡುತ್ತವೆ. ಮರದಲ್ಲಿರುವಂತೆ ಅವುಗಳಲ್ಲಿಯೂ ವಾರ್ಷಿಕ ಉಂಗುರಗಳಿರುವುದರಿಂದ, ಯಾವ ವರ್ಷ ನೆಲವು ಎಷ್ಟು ಏರಿತು ಅಥವಾ ಇಳಿಯಿತು ಎಂಬುದನ್ನು ಅವುಗಳ ಆಕಾರದಿಂದ ಎಣಿಸಬಹುದು.

ಕಾಲವನ್ನು ಗೊತ್ತುಮಾಡುವ ಬಗೆ

ಪದರ ಸಿಕ್ಕಿದ ಮೇಲೆ ಅದರ ವಯಸ್ಸು ತಿಳಿಯಬೇಕು. ಇದಕ್ಕೆ ಭೌತವಿಜ್ಞಾನವೇ ನೆರವಾಗುತ್ತದೆ. ಜೀವಿಗಳಲ್ಲಿರುವ ಇಂಗಾಲ-೧೪ ಎಂಬ ವಿಕಿರಣಶೀಲ ಇಂಗಾಲವು ಜೀವಿ ಸತ್ತ ಮೇಲೆ ೫,೭೩೦ ವರ್ಷಗಳಿಗೆ ಅರ್ಧವಾಗುತ್ತದೆ. ಮರಳಿನ ಕೆಳಗಿನ ಮಣ್ಣಿನಲ್ಲಿ ಸಿಕ್ಕ ತೊಗಟೆಯೊಂದರಲ್ಲಿ ಶೇಕಡ ೯೩ರಷ್ಟು ಉಳಿದಿದೆಯೆಂದು ಭಾವಿಸಿ. ೧ನ್ನು ೦.೯೩ರಿಂದ ಭಾಗಿಸಿ ಲಾಗರಿತಮ್ ತೆಗೆದರೆ ೦.೦೩೧೫; ಅದನ್ನು ೨ರ ಲಾಗರಿತಮ್ ಆದ ೦.೩೦೧೦ರಿಂದ ಭಾಗಿಸಿ ೫,೭೩೦ರಿಂದ ಗುಣಿಸಿದರೆ ಸುಮಾರು ೬೦೦ ವರ್ಷ ಬರುತ್ತದೆ.

ಇಲ್ಲಿ ಎಚ್ಚರಿಕೆ ಬೇಕು. ತೊಗಟೆಯು ಮರಳಿನ ಕೆಳಗಿತ್ತಾದುದರಿಂದ ಸುನಾಮಿಯು ಅದಕ್ಕಿಂತ ಈಚಿನದು. ಮರಳಿನ ಮೇಲೆ ಬೆಳೆದ ಗಿಡದ ವಯಸ್ಸು ಗೊತ್ತಾದರೆ ಸುನಾಮಿಯು ಅದಕ್ಕಿಂತ ಹಿಂದಿನದು. ಹೀಗೆ ಮೇಲೂ ಕೆಳಗೂ ಎರಡು ಗೆರೆಗಳನ್ನೆಳೆದು ಅವುಗಳ ನಡುವೆ ಘಟನೆಯನ್ನು ಇಡಬೇಕು. ಮರಳಿನೊಳಗಿನ ಮರದ ತುಂಡನ್ನು ಅಳೆದರೆ ಮೋಸಹೋಗಬಹುದು; ಆ ಮರವು ಸುನಾಮಿಗೆ ಎಷ್ಟೋ ವರ್ಷ ಮೊದಲೇ ಸತ್ತಿದ್ದಿರಬಹುದು. ಕಡಲ ಚಿಪ್ಪುಗಳು ಸಮುದ್ರದ ಹಳೆಯ ಇಂಗಾಲವನ್ನು ಉಂಡಿರುವುದರಿಂದ ನೂರಾರು ವರ್ಷ ಹೆಚ್ಚಾಗಿ ತೋರುತ್ತವೆ. ವಾಯುಮಂಡಲದಲ್ಲಿ ಇಂಗಾಲ-೧೪ರ ಪ್ರಮಾಣವೂ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. ಮರದ ಉಂಗುರಗಳೊಡನೆ ಹೋಲಿಸಿ ಲೆಕ್ಕವನ್ನು ತಿದ್ದಬೇಕಾಗುತ್ತದೆ.

ಸಸ್ಯದ ಅವಶೇಷವೇ ಇಲ್ಲದಿದ್ದರೆ ಮರಳಿನ ಕಣವನ್ನೇ ಗಡಿಯಾರವಾಗಿ ಬಳಸಬಹುದು. ಬಿಸಿಲು ಬಿದ್ದಾಗ ಬೆಣಚುಕಲ್ಲಿನ ಕಣದಲ್ಲಿ ಶೇಖರವಾಗಿದ್ದ ಶಕ್ತಿಯೆಲ್ಲ ಖಾಲಿಯಾಗುತ್ತದೆ. ಕತ್ತಲಲ್ಲಿ ಹೂತಮೇಲೆ ಸುತ್ತಲಿನ ಮಣ್ಣಿನ ವಿಕಿರಣದಿಂದ ಅದು ಮತ್ತೆ ತುಂಬತೊಡಗುತ್ತದೆ. ಪ್ರಯೋಗಶಾಲೆಯಲ್ಲಿ ಅದರ ಮೇಲೆ ಬೆಳಕು ಹಾಯಿಸಿದಾಗ ಅದು ಹೊರಸೂಸುವ ಮಂದ ಬೆಳಕನ್ನು ಅಳೆದು, ಹೂತು ಎಷ್ಟು ಕಾಲವಾಯಿತೆಂದು ಹೇಳಬಹುದು. ಕಲಕಿದ ಕೆಸರು ನೀರಿನಲ್ಲಿ ಬಂದ ಕಣಕ್ಕೆ ಬಿಸಿಲು ಸಾಲದೆ ಹೋದರೆ ಮಾತ್ರ ವಯಸ್ಸು ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ದೊರೆತ ಫಲಗಳು

ಥೈಲೆಂಡಿನ ಫ್ರಾ ಥಾಂಗ್ ದ್ವೀಪದಲ್ಲಿ ಕ್ರುವಾವನ್ ಜಾಂಕೇವ್, ಅಮೆರಿಕದ ಬ್ರಯನ್ ಅಟ್‌ವಾಟರ್ ಮೊದಲಾದವರು ಜೌಗು ತಗ್ಗುಗಳನ್ನು ಅಗೆದು ನೋಡಿದರು. ೨೦೦೪ರ ಮರಳಿನ ಕೆಳಗೆ ಕಪ್ಪು ಮಣ್ಣು. ಅದರ ಕೆಳಗೆ ಅಂಥದೇ ಇನ್ನೊಂದು ಮರಳಿನ ಹಾಳೆ. ಅದರ ಕೆಳಗೆ ಇನ್ನೂ ಹಳೆಯ ಹಾಳೆಗಳು. ೨೦೦೪ರದಕ್ಕೆ ಹಿಂದಿನ ಹಾಳೆಯ ವಯಸ್ಸು ೫೫೦ರಿಂದ ೭೦೦ ವರ್ಷ. ಸುಮಾತ್ರದ ಆಚೆ ಪ್ರಾಂತದ ಕರಾವಳಿಯಲ್ಲಿ ಮತ್ತೊಂದು ತಂಡಕ್ಕೆ ೧೨೯೦ರಿಂದ ೧೪೦೦ರ ನಡುವಿನ ಮರಳೂ, ೭೮೦ರಿಂದ ೯೯೦ರ ನಡುವಿನ ಮರಳೂ ದೊರೆತುವು. ಈ ಎರಡು ಲೇಖನಗಳೂ ೨೦೦೮ರಲ್ಲಿ ಒಟ್ಟಿಗೆ ಪ್ರಕಟವಾದುವು. ಮುಂದೆ ಸಿಮೆಲು ದ್ವೀಪದ ಹವಳಗಳು ೧೩೯೪ ಮತ್ತು ೧೪೫೦ರ ಸುಮಾರಿಗೆ ನೆಲವು ಮೇಲೆದ್ದುದನ್ನು ತೋರಿಸಿದುವು. ಬೇರೆ ಬೇರೆ ಸ್ಥಳ, ಬೇರೆ ಬೇರೆ ವಸ್ತು, ಬೇರೆ ಬೇರೆ ವಿಧಾನ. ಆದರೂ ಉತ್ತರಗಳು ಒಂದೇ ಕಾಲದ ಆಸುಪಾಸಿಗೆ ಬಂದು ನಿಲ್ಲುತ್ತವೆ. ವಿಜ್ಞಾನದಲ್ಲಿ ನಂಬಿಕೆ ಹುಟ್ಟುವುದು ಇಂಥ ಹೊಂದಾಣಿಕೆಯಿಂದಲೇ.

ನಮ್ಮ ದ್ವೀಪಗಳಲ್ಲಿ ಈ ಕೆಲಸವನ್ನು ಮಾಡಿದವರಲ್ಲಿ ಸಿ. ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಪ್ರಮುಖರು. ಇಬ್ಬರೂ ಬೆಂಗಳೂರಿನಲ್ಲಿ ದುಡಿದವರು. ಅವರು ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ, ಇವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ೨೦೦೪ರ ಬಳಿಕ ಅವರ ತಂಡವು ಅಂಡಮಾನಿನಲ್ಲಿ ಹಿಂದೊಮ್ಮೆ ಮುಳುಗಿ ಹೂತುಹೋದ ಕಾಂಡ್ಲದ ಬೇರುಗಳನ್ನೂ ಹಳೆಯ ಮರಳನ್ನೂ ಪರೀಕ್ಷಿಸಿತು. ದಕ್ಷಿಣ ಅಂಡಮಾನಿನ ಪಶ್ಚಿಮ ತೀರದಲ್ಲಿ ಕಾನ್ಪುರದ ಐಐಟಿಯ ಜಾವೇದ್ ಮಲಿಕ್ ಮತ್ತು ಸಂಗಡಿಗರು ಕಳೆದ ಒಂದು ಸಾವಿರ ವರ್ಷಗಳ ಪದರಗಳನ್ನು ಓದಿ ೨೦೧೫ರಲ್ಲಿ ಪ್ರಕಟಿಸಿದರು. ೨೦೦೪ರದು ಮೊದಲನೆಯದಲ್ಲವೆಂಬುದೇ ಇವೆಲ್ಲದರ ಸಾರಾಂಶ.

ಆರಂಭದಲ್ಲಿ ಹೇಳಿದ ಕಾವೇರಿಪಟ್ಟಣದಲ್ಲಿಯೂ ರಾಜೇಂದ್ರನ್ ಅವರ ತಂಡಕ್ಕೆ ಚೋಳರ ಕಾಲದ, ಅಂದರೆ ಸುಮಾರು ಸಾವಿರ ವರ್ಷಗಳ ಹಿಂದಿನ, ಸುನಾಮಿಯ ಮರಳು ದೊರೆಯಿತು. ಹಾಗಾದರೆ ‘ಮಣಿಮೇಖಲೆ’ಯ ಮಾತು ರುಜುವಾತಾಯಿತೆ? ಆಗಲಿಲ್ಲ. ಆ ಕಾವ್ಯವು ಚೋಳಸಾಮ್ರಾಜ್ಯದ ಏಳಿಗೆಗಿಂತ ಶತಮಾನಗಳಷ್ಟು ಹಿಂದಿನದೆಂದು ಬಹುಮಂದಿ ವಿದ್ವಾಂಸರ ಮತ. ಕಾವ್ಯಕ್ಕಿಂತ ಈಚಿನ ಮರಳು ಕಾವ್ಯದಲ್ಲಿ ಹೇಳಿದ ಘಟನೆಗೆ ಸಾಕ್ಷಿಯಾಗಲಾರದು. ಕಥೆಯು ಎಲ್ಲಿ ಅಗೆಯಬೇಕೆಂಬುದನ್ನು ಸೂಚಿಸಬಹುದು. ಅಗೆದಾಗ ಏನು ಸಿಗುತ್ತದೆಂಬುದನ್ನು ಅದು ನಿರ್ಧರಿಸಲಾರದು.

ಸರಾಸರಿಯನ್ನು ನಂಬಿ ಕೂರುವಂತೆಯೂ ಇಲ್ಲ. ಬಾಂಡಾ ಆಚೆಯ ಸಮೀಪ ಕಡಲಂಚಿನ ಗುಹೆಯೊಂದರಲ್ಲಿ ಬಾವಲಿಗಳ ಹಿಕ್ಕೆಯ ಪದರಗಳ ನಡುನಡುವೆ ಮರಳಿನ ಪದರಗಳು ಸಿಕ್ಕಿವೆ. ೭,೪೦೦ರಿಂದ ೨,೯೦೦ ವರ್ಷಗಳ ಹಿಂದಿನವರೆಗೆ ಕನಿಷ್ಠ ೧೧ ಸುನಾಮಿಗಳು ಅಲ್ಲಿ ಲೆಕ್ಕಕ್ಕೆ ಬಂದುವು. ಸರಾಸರಿ ಅಂತರ ಸುಮಾರು ೪೫೦ ವರ್ಷ. ಆದರೆ ಒಂದೆಡೆ ಎರಡು ಸಾವಿರ ವರ್ಷಗಳಿಗೂ ಮಿಕ್ಕ ಮೌನ. ಇನ್ನೊಂದೆಡೆ ಒಂದೇ ಶತಮಾನದಲ್ಲಿ ಹಲವು ಸುನಾಮಿಗಳು. ‘೨೦೦೪ರಲ್ಲಿ ಬಂದುಹೋಯಿತು, ಇನ್ನು ನಾನ್ನೂರು ವರ್ಷ ಚಿಂತೆಯಿಲ್ಲ’ ಎನ್ನುವವರಿಗೆ ಈ ಗುಹೆಯೇ ಉತ್ತರ.

ನಮ್ಮ ಕರಾವಳಿಯ ವಿಚಾರ

ಕರ್ನಾಟಕದ ಕರಾವಳಿಯು ಅರಬ್ಬಿ ಸಮುದ್ರಕ್ಕೆ ಮುಖಮಾಡಿದೆ. ಅಲ್ಲಿನ ಸುನಾಮಿಯ ಮೂಲವು ಪಾಕಿಸ್ತಾನ ಇರಾನುಗಳ ಮಕ್ರಾನ್ ತೀರದ ಎದುರಿನಲ್ಲಿದೆ. ೧೯೪೫ರ ನವೆಂಬರ್ ೨೮ರ ನಸುಕಿನಲ್ಲಿ ಅಲ್ಲಿ ೮.೧ರ ಭೂಕಂಪವಾಗಿ, ಬೆಳಗ್ಗೆ ಎಂಟೂಕಾಲರ ಹೊತ್ತಿಗೆ ಸುಮಾರು ೨ ಮೀಟರಿನ ಅಲೆಯು ಮುಂಬಯಿಯನ್ನು ತಲುಪಿ ಕೆಲವರನ್ನು ಸೆಳೆದೊಯ್ದಿತು. ಒಮಾನಿನ ದಡದಲ್ಲಿ ನೂರು ಟನ್ನಿನವರೆಗೆ ತೂಗುವ ಬಂಡೆಗಳು ನೆಲದ ಮೇಲೆ ಬಿದ್ದಿರುವುದನ್ನು ಪರೀಕ್ಷಿಸಿದವರು, ಸುಮಾರು ಸಾವಿರ ವರ್ಷಗಳ ಹಿಂದೆ ೧೯೪೫ರದಕ್ಕಿಂತ ಬಹು ದೊಡ್ಡ ಸುನಾಮಿಯೊಂದು ಬಂದಿತ್ತೆಂದು ೨೦೨೦ರಲ್ಲಿ ವರದಿ ಮಾಡಿದರು. ಇಲ್ಲಿಯೂ ಕಡತಕ್ಕಿಂತ ಕಲ್ಲು ಹೆಚ್ಚಿನದನ್ನು ಹೇಳಿದೆ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಿಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಅಲ್ಲಿ ಕಂಬದಂಥ ಕಲ್ಲುಗಳನ್ನೂ ಚಿಪ್ಪಿನ ರಾಶಿಯನ್ನೂ ಕಾಣುತ್ತಾರೆ. ಕಂಬಗಳು ಕೋಟ್ಯಂತರ ವರ್ಷಗಳ ಹಿಂದೆ ಲಾವಾರಸ ತಣಿಯುವಾಗ ಬಿರಿದು ಆದವು. ದಡದ ಚಿಪ್ಪುಗಳು ದಿನನಿತ್ಯದ ತೆರೆಗಳು ತಂದವು. ಎರಡೂ ಸುನಾಮಿಯ ಗುರುತಲ್ಲ. ಚಿಪ್ಪು ಸಾಕ್ಷಿಯಾಗುವುದು, ದಿನದ ತೆರೆಯಾಗಲಿ ಮಳೆಗಾಲದ ಬಿರುಗಾಳಿಯಾಗಲಿ ಮುಟ್ಟಲಾರದ ಸ್ಥಳದಲ್ಲಿ, ಮಣ್ಣಿನ ಪದರಗಳ ನಡುವೆ ಅದು ಸಿಕ್ಕಾಗ ಮಾತ್ರ. ಯಾವುದು ಸಾಕ್ಷಿಯಲ್ಲವೆಂದು ತಿಳಿಯುವುದು ಈ ಅಭ್ಯಾಸದ ಅರ್ಧ ಭಾಗ.

ಇದರ ಪ್ರಯೋಜನ

ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ ೨೦೦೭ರಿಂದ ಸುನಾಮಿ ಮುನ್ನೆಚ್ಚರಿಕೆಯ ವ್ಯವಸ್ಥೆಯು ನಡೆಯುತ್ತಿದೆ. ಭೂಕಂಪವಾದೊಡನೆ ಅದು ಎಚ್ಚರಿಸಬಲ್ಲುದು. ಆದರೆ ಆಸ್ಪತ್ರೆ, ಶಾಲೆ, ವಿದ್ಯುದಾಗಾರಗಳನ್ನು ದಡದಿಂದ ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ಕಟ್ಟಬೇಕೆಂಬುದನ್ನು ಆ ಕ್ಷಣದಲ್ಲಿ ನಿರ್ಧರಿಸಲಾಗದು. ಅದಕ್ಕೆ ಹಿಂದಿನ ಅಲೆಗಳು ಎಲ್ಲಿಯವರೆಗೆ ಬಂದಿದ್ದುವೆಂಬ ಲೆಕ್ಕವು ಮೊದಲೇ ಕೈಯಲ್ಲಿರಬೇಕು. ಆ ಲೆಕ್ಕವನ್ನು ಕೊಡುವುದು ಮರಳು.

ಇಂಥ ಲೆಕ್ಕ ಜನರ ನೆನಪಿನಲ್ಲಿದ್ದರೆ ಏನಾಗುತ್ತದೆಂಬುದಕ್ಕೆ ಮೇಲೆ ಹೇಳಿದ ಸಿಮೆಲು ದ್ವೀಪವೇ ನಿದರ್ಶನ. ೧೯೦೭ರಲ್ಲಿ ಅಲ್ಲಿ ಸುನಾಮಿಯು ಬಹಳ ಜನರನ್ನು ಕೊಂದಿತ್ತು. ‘ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು’ ಎಂಬ ಮಾತನ್ನು ಹಿರಿಯರು ಮಕ್ಕಳಿಗೆ ಹೇಳುತ್ತ ಬಂದರು. ಆ ಅಲೆಗೆ ‘ಸ್ಮಾಂಗ್’ ಎಂಬ ಹೆಸರೂ ಉಳಿಯಿತು. ೨೦೦೪ರಲ್ಲಿ ಭೂಕಂಪದ ಮೂಲಕ್ಕೆ ಅತ್ಯಂತ ಹತ್ತಿರದಲ್ಲಿದ್ದರೂ ಆ ದ್ವೀಪದ ಸುಮಾರು ೭೮,೦೦೦ ಜನರಲ್ಲಿ ಸತ್ತವರು ಏಳು ಮಂದಿ ಮಾತ್ರ. ತೊಂಬತ್ತೇಳು ವರ್ಷಗಳನ್ನು ಬಾಯಿಮಾತು ದಾಟಿತು. ಆರುನೂರು ವರ್ಷಗಳನ್ನು ದಾಟಲು ಅದರಿಂದಾಗಲಿಲ್ಲ. ಅಷ್ಟು ಹಿಂದಿನ ಮಾತನ್ನು ಹೇಳಬಲ್ಲುದು ಜೌಗಿನ ಕಪ್ಪು ಮಣ್ಣಿನಲ್ಲಿರುವ ಬಿಳಿಯ ಮರಳಷ್ಟೆ; ಅದನ್ನು ಓದಿ ಜನರಿಗೆ ತಿಳಿಯಹೇಳುವ ಹೊಣೆ ವಿಜ್ಞಾನವನ್ನು ಕಲಿತವರದು.

ಅಭ್ಯಾಸಕ್ಕೆ

೧. ಸಮುದ್ರದ ಆಳ ೨,೫೦೦ ಮೀಟರು ಇರುವಲ್ಲಿ ಸುನಾಮಿಯ ವೇಗವೆಷ್ಟು?

೨. ೦.೦೫ ಮಿಲಿಮೀಟರು ವ್ಯಾಸದ ಕಣವು ೨ ಮೀಟರು ನಿಂತ ನೀರನ್ನು ದಾಟಲು ಎಷ್ಟು ಕಾಲ ಬೇಕು?

೩. ಮರಳಿನ ಕೆಳಗಿನ ಎಲೆಯಲ್ಲಿ ಇಂಗಾಲ-೧೪ ಶೇಕಡ ೮೯ರಷ್ಟು ಉಳಿದಿದೆ. ಎಲೆಯ ವಯಸ್ಸೆಷ್ಟು? ಸುನಾಮಿಯು ಅದಕ್ಕಿಂತ ಹಿಂದಿನದೋ, ಈಚಿನದೋ?

ಉತ್ತರಗಳು: (೧) ಗಂಟೆಗೆ ಸುಮಾರು ೫೬೦ ಕಿಲೋಮೀಟರು. (೨) ಸುಮಾರು ೧೫ ನಿಮಿಷ. (೩) ಸುಮಾರು ೯೬೦ ವರ್ಷ. ಸುನಾಮಿಯು ಅದಕ್ಕಿಂತ ಈಚಿನದು.